ರೈಲು ಬರುವವರೆಗಿನ ಸೂರು

ರೈಲು ನಿಲ್ದಾಣದಲ್ಲಿ ಟಿಕೆಟ್ ಕಿಟಕಿಗೂ ಪ್ಲಾಟ್‌ಫಾರ್ಮಿಗೂ ನಡುವೆ, ಬೇರೆ ಶುಲ್ಕ ತೆರದೆ ಪ್ರಯಾಣಿಕರು ಕುಳಿತು ಕಾಯಬಹುದಾದ ಹಜಾರವೊಂದು ಸಾಮಾನ್ಯವಾಗಿ ಇರುತ್ತದೆ. ರೈಲ್ವೆಯ ಕಡತಗಳಲ್ಲಿ ಸಾಮಾನ್ಯ ನಿರೀಕ್ಷಣಾ ಹಜಾರವೆಂದು ದಾಖಲಾಗುವ ಈ ಜಾಗ ಜನರ ಬಾಯಲ್ಲಿ ವೇಟಿಂಗ್ ಹಾಲ್ ಆಗಿಯೇ ಉಳಿದಿದೆ. ಕೆಲವು ಸಾಲು ಬೆಂಚುಗಳು, ಕುಡಿಯುವ ನೀರಿನ ನಲ್ಲಿ, ತಲೆಯ ಮೇಲೊಂದು ಫ್ಯಾನು, ಸಮೀಪದಲ್ಲಿ ಶೌಚಾಲಯ, ರೈಲಿನ ಬರವನ್ನು ಸಾರುವ ಧ್ವನಿವರ್ಧಕ, ಇವಿಷ್ಟರಿಂದ ಅದರ ಪಟ್ಟಿ ಮುಗಿಯುತ್ತದೆ. ಕೊಂಕಣ ರೈಲ್ವೆಯ ಬಗ್ಗೆ ಬಂದಿರುವ ಬರಹಗಳು ಸುರಂಗ, ಸೇತುವೆಗಳ ಸಾಹಸವನ್ನು ವಿಸ್ತಾರವಾಗಿ ವರ್ಣಿಸುತ್ತವೆಯಾದರೂ ಈ ಹಜಾರದ ಕುರಿತು ಒಂದು ಸಾಲನ್ನಾದರೂ ಬರೆದಿರುವುದು ಅಪರೂಪ. ಆದರೆ ಭಟ್ಕಳ, ಮುರ್ಡೇಶ್ವರ, ಹೊನ್ನಾವರ, ಕುಮಟಾ ನಿಲ್ದಾಣಗಳನ್ನು ಬಳಸುವ ಜನರ ಮಟ್ಟಿಗೆ ಪ್ರಯಾಣದ ಗಣನೀಯ ಭಾಗ ಕಳೆಯುವುದು ಅಲ್ಲಿಯೇ. ಅದಕ್ಕೆ ಕಾರಣ ಜನರ ಅಭ್ಯಾಸಕ್ಕಿಂತ ಹೆಚ್ಚಾಗಿ ಹಳಿ ಹಾದುಹೋದ ದಾರಿ, ರೈಲುಗಳು ಓಡುವ ಹೊತ್ತು ಮತ್ತು ಮಳೆ. ಕಾಯುವಿಕೆಯನ್ನು ಹುಟ್ಟುಹಾಕುವುದು ರೈಲ್ವೆಯೇ ಆಗಿರುವಾಗ, ಕಾಯಲು ಕೊಡುವ ಸೂರನ್ನು ಉಚಿತ ಸೌಲಭ್ಯವೆಂದು ಬಣ್ಣಿಸುವುದು ಎಷ್ಟು ಸರಿಯೆಂಬ ಪ್ರಶ್ನೆ ಈ ನಿಲ್ದಾಣಗಳಲ್ಲಿ ಎದ್ದು ಕಾಣುತ್ತದೆ.

ಭಟ್ಕಳ ತಾಲ್ಲೂಕಿನ ತೆಂಗಿನಗುಂಡಿ, ವೆಂಕಟಾಪುರ ಹೊಳೆ ಕಡಲು ಸೇರುವ ಅಳಿವೆಯ ಬದಿಗಿರುವ ಮೀನುಗಾರಿಕೆಯ ಊರು. ಹೊಳೆಯ ಆಚೆ ದಂಡೆಯಲ್ಲಿ ಶಿರಾಲಿಯ ಕಡೆಗೆ ಸೇರಿದ ಅಳ್ವೆಕೋಡಿ ಇದೆ. ಕರಾವಳಿಯ ಹಳೆಯ ಪೇಟೆಗಳೂ ಬಂದರುಗಳೂ ಹೀಗೆ ಹೊಳೆಬಾಯಿಗಳನ್ನು ಆಶ್ರಯಿಸಿ ಬೆಳೆದವು, ಏಕೆಂದರೆ ಸರಕು ಮತ್ತು ಜನ ಎರಡೂ ನೀರಿನ ಮೇಲೆ ಬರುತ್ತಿದ್ದವು. ರೈಲು ಮಾರ್ಗಕ್ಕೆ ಬೇಕಾದದ್ದು ಇದಕ್ಕೆ ಸರಿಯಾಗಿ ವಿರುದ್ಧವಾದ ನೆಲ: ಅಳಿವೆಯ ಅಗಲದಿಂದ ದೂರವಿರುವ, ಮನೆ ತೋಟಗಳ ದಟ್ಟಣೆ ಕಡಿಮೆಯಿರುವ, ಗಟ್ಟಿಯಾದ ಜಾಗ. ಹೀಗಾಗಿ ಉತ್ತರ ಕನ್ನಡದ ಈ ಭಾಗದಲ್ಲಿ ಹಳಿಯು ಬಹುಮಟ್ಟಿಗೆ ರಾಷ್ಟ್ರೀಯ ಹೆದ್ದಾರಿ 66ರ ಪೂರ್ವಕ್ಕೆ, ಗುಡ್ಡಗಳ ಮಗ್ಗುಲಲ್ಲಿ ಸಾಗುತ್ತದೆ. ಇಷ್ಟೆಲ್ಲ ಎಚ್ಚರ ವಹಿಸಿದರೂ ಹೊನ್ನಾವರದಲ್ಲಿ ಶರಾವತಿಯನ್ನು ದಾಟಲು 2 ಕಿಲೋಮೀಟರಿಗೂ ಮೀರಿದ, ಇಡೀ ಕೊಂಕಣ ರೈಲ್ವೆಯಲ್ಲೇ ಅತ್ಯಂತ ಉದ್ದವಾದ ಸೇತುವೆಯನ್ನು ಕಟ್ಟಬೇಕಾಯಿತು. ನಿಲ್ದಾಣಗಳು ಪೇಟೆಯ ಹೊರಗೆ ಬಿದ್ದವು. ಗೋಕರ್ಣದ ನಿಲ್ದಾಣವಂತೂ ಊರಿನಿಂದ ಎಷ್ಟು ದೂರವೆಂದರೆ ಅದರ ಹೆಸರೇ ಗೋಕರ್ಣ ರೋಡ್. ತೆಂಗಿನಗುಂಡಿಯವರು ಭಟ್ಕಳ ನಿಲ್ದಾಣಕ್ಕೆ ಹೋಗುವುದೆಂದರೆ ಕಡಲಂಚಿನಿಂದ ಹೊರಟು, ಪೇಟೆ ಮತ್ತು ಹೆದ್ದಾರಿಗಳನ್ನು ದಾಟಿ, ತಾಲ್ಲೂಕಿನ ಇನ್ನೊಂದು ಮಗ್ಗುಲಿಗೆ ಹೋದಂತೆ. ಹಗಲಿನಲ್ಲಿ ಬಸ್ಸು, ಟೆಂಪೊ, ಆಟೊಗಳಿರುವಾಗ ಇದೇನೂ ದೊಡ್ಡ ಮಾತಲ್ಲ. ಆದರೆ ರೈಲು ಎರಡು ತಾಸು ತಡವೆಂದು ತಿಳಿದರೆ ಮನೆಗೆ ಮರಳಿ ಮತ್ತೆ ಬರುವುದು ಯಾರಿಗೂ ಆಗದ ಕೆಲಸ, ನಿಲ್ದಾಣ ಮುಟ್ಟಿದವರು ಅಲ್ಲಿಯೇ ಉಳಿಯಬೇಕು.

ಕೊಂಕಣ ರೈಲ್ವೆ ನಿಗಮ 1990ರ ಜುಲೈಯಲ್ಲಿ ಸ್ಥಾಪನೆಯಾಯಿತು. ಕೇಂದ್ರ ಸರ್ಕಾರದ ಜೊತೆಗೆ ಮಹಾರಾಷ್ಟ್ರ, ಕರ್ನಾಟಕ, ಗೋವಾ, ಕೇರಳ ರಾಜ್ಯಗಳು ಪಾಲು ಬಂಡವಾಳ ಹೂಡಿದ ಈ ಸಂಸ್ಥೆಗೆ ಇ. ಶ್ರೀಧರನ್ ಮೊದಲ ಅಧ್ಯಕ್ಷರೂ ವ್ಯವಸ್ಥಾಪಕ ನಿರ್ದೇಶಕರೂ ಆಗಿದ್ದರು. 1993ರ ಮಾರ್ಚಿನಲ್ಲಿ ಮಂಗಳೂರು ಉಡುಪಿ ನಡುವಣ ತುಣುಕಿನಲ್ಲಿ ಪ್ರಯಾಣಿಕರ ರೈಲು ಓಡಿತು; ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗಿನ ಇಡೀ ಮಾರ್ಗ ಸಂಚಾರಕ್ಕೆ ತೆರೆದದ್ದು 1998ರ ಜನವರಿ 26ರಂದು. ಸಾಲ ಮತ್ತು ಬಾಂಡುಗಳ ಹಣದಲ್ಲಿ ಇಷ್ಟು ಕಡಿಮೆ ಅವಧಿಯಲ್ಲಿ ಮುಗಿಸಿದ ಈ ಮಾರ್ಗವನ್ನು ಬಹುಪಾಲು ಒಂಟಿ ಹಳಿಯಾಗಿಯೇ ಹಾಕಲಾಯಿತು. ಒಂಟಿ ಹಳಿಯೆಂದರೆ ಎದುರುಬದುರಾಗಿ ಬರುವ ಎರಡು ರೈಲುಗಳು ನಿಲ್ದಾಣವೊಂದರಲ್ಲಿ ಮಾತ್ರ ಪರಸ್ಪರ ದಾಟಬಲ್ಲವು. ಒಂದು ರೈಲು ಪಕ್ಕದ ಹಳಿಗೆ ಸರಿದು ನಿಂತು, ಇನ್ನೊಂದು ಹಾದುಹೋದ ಮೇಲೆ ಹೊರಡಬೇಕು. ರೈಲ್ವೆಯವರು ಕ್ರಾಸಿಂಗ್ ಎನ್ನುವ ಈ ವ್ಯವಸ್ಥೆಯಲ್ಲಿ ದೂರದ ವೇಗದ ರೈಲಿಗೆ ಮೊದಲ ಮನ್ನಣೆ ಸಿಗುವುದರಿಂದ ಸ್ಥಳೀಯ ಪ್ಯಾಸೆಂಜರ್ ಕಾಯುತ್ತದೆ, ಅದನ್ನು ನೆಚ್ಚಿಕೊಂಡವರು ಮುಂದಿನ ನಿಲ್ದಾಣಗಳಲ್ಲಿ ಕಾಯುತ್ತಾರೆ. ಎಲ್ಲೋ ಒಂದು ರೈಲು ಅರ್ಧ ತಾಸು ತಡವಾದರೆ ಅದರ ಪರಿಣಾಮ ಎದುರಿನಿಂದ ಬರುವ ರೈಲುಗಳಿಗೂ ಹರಡುತ್ತದೆ. ಮಹಾರಾಷ್ಟ್ರದ ರೋಹಾ ವೀರ್ ನಡುವೆ 2021ರಲ್ಲಿ ಜೋಡಿ ಹಳಿಯಾಯಿತು, 2022ರಲ್ಲಿ ಮಾರ್ಗದ ವಿದ್ಯುದೀಕರಣ ಪೂರ್ತಿಯಾಯಿತು. ಉತ್ತರ ಕನ್ನಡದಲ್ಲಿ ಹಳಿ ಇನ್ನೂ ಒಂಟಿಯೇ.

ರೈಲುಗಳು ಬರುವ ಹೊತ್ತನ್ನು ಗಮನಿಸಿದರೆ ಹಜಾರದ ಅಗತ್ಯ ಮತ್ತಷ್ಟು ಸ್ಪಷ್ಟವಾಗುತ್ತದೆ. ಮಂಗಳೂರಿಗೂ ಮುಂಬೈಗೂ ನಡುವೆ 1998ರಿಂದ ಓಡುತ್ತಿರುವ ಮತ್ಸ್ಯಗಂಧ ಎಕ್ಸ್‌ಪ್ರೆಸ್ ಮುಂಬೈಯನ್ನು ಮಧ್ಯಾಹ್ನ ಬಿಟ್ಟು ಈ ತಾಲ್ಲೂಕುಗಳನ್ನು ಮುಟ್ಟುವುದು ನಸುಕಿನ ಸುಮಾರಿಗೆ. ಬೆಂಗಳೂರಿನಿಂದ ಸಂಜೆ ಹೊರಡುವ ಕಾರವಾರದ ಪಂಚಗಂಗಾ ಎಕ್ಸ್‌ಪ್ರೆಸ್ ಕೂಡ ಬೆಳಗಾಗುವ ಮುನ್ನವೋ ಬೆಳಗಾಗುತ್ತಲೋ ಇಲ್ಲಿಗೆ ಬರುತ್ತದೆ. ಎರಡು ಮಹಾನಗರಗಳ ಕಚೇರಿ ಸಮಯಕ್ಕೆ ಹೊಂದುವಂತೆ ರೂಪಿಸಿದ ವೇಳಾಪಟ್ಟಿಯಲ್ಲಿ ನಡುವಿನ ಊರುಗಳಿಗೆ ದಕ್ಕುವುದು ಇಂಥ ಹೊತ್ತುಗಳೇ. ಕತ್ತಲಲ್ಲಿ ಇಳಿದ ಪ್ರಯಾಣಿಕರು ಮೊದಲ ಬಸ್ಸು ಬರುವವರೆಗೆ ಕೂರಬೇಕು. ಹೀಗಾಗಿ ನಿರೀಕ್ಷಣಾ ಹಜಾರ ಹೊರಡುವವರಷ್ಟೇ ಬಂದಿಳಿದವರಿಗೂ ಬೇಕು, ಇದು ನಿಲ್ದಾಣಗಳ ವಿನ್ಯಾಸಕಾರರು ಸುಲಭವಾಗಿ ಮರೆಯುವ ಸಂಗತಿ. ಹಾಗೆ ಕೂರುವವರಲ್ಲಿ ರೋಗಿಗಳದೊಂದು ದೊಡ್ಡ ಪಾಲಿದೆ. ಗಂಭೀರ ಚಿಕಿತ್ಸೆಗಾಗಿ ಉತ್ತರ ಕನ್ನಡದ ಜನ ಮಣಿಪಾಲ, ಮಂಗಳೂರುಗಳನ್ನೇ ನೆಚ್ಚಿಕೊಂಡಿದ್ದು, 2022ರ ಜುಲೈಯಲ್ಲಿ ಹೊನ್ನಾವರದಿಂದ ರೋಗಿಯನ್ನು ಕರೆದೊಯ್ಯುತ್ತಿದ್ದ ಆಂಬುಲೆನ್ಸ್ ಶಿರೂರು ಟೋಲ್ ಬಳಿ ಅಪಘಾತಕ್ಕೀಡಾದ ಮೇಲೆ ಜಿಲ್ಲೆಗೊಂದು ಸುಸಜ್ಜಿತ ಆಸ್ಪತ್ರೆ ಬೇಕೆಂಬ ಕೂಗು ಆಂದೋಲನವಾಗಿಯೇ ಬೆಳೆಯಿತು. ಆಂಬುಲೆನ್ಸಿನ ತುರ್ತು ಇಲ್ಲದ, ಆದರೆ ತಿಂಗಳಿಗೊಮ್ಮೆ ತಪಾಸಣೆಗೆ ಹೋಗಲೇಬೇಕಾದ ವೃದ್ಧರು, ಬಾಣಂತಿಯರು, ಶಸ್ತ್ರಚಿಕಿತ್ಸೆಯಾಗಿ ಮರಳುವವರು ಅಗ್ಗದ ಪ್ಯಾಸೆಂಜರ್ ರೈಲನ್ನು ಹಿಡಿಯುತ್ತಾರೆ. ಅಂಥವರ ಪಾಲಿಗೆ ಬೆನ್ನು ಒರಗಿಸಲು ಬರುವ ಬೆಂಚನ್ನೂ ಚಿಕಿತ್ಸೆಯ ಲೆಕ್ಕದಲ್ಲಿಯೇ ಹಿಡಿಯಬೇಕು.

ಇನ್ನು ಮಳೆಗಾಲ. ಕೊಂಕಣ ರೈಲ್ವೆಯಲ್ಲಿ ಪ್ರತಿವರ್ಷ ಜೂನ್ ತಿಂಗಳಿನಿಂದ ಅಕ್ಟೋಬರಿನವರೆಗೆ ಮಳೆಗಾಲದ ವೇಳಾಪಟ್ಟಿಯೆಂಬ ಬೇರೆಯೇ ಪಟ್ಟಿ ಜಾರಿಗೆ ಬರುತ್ತದೆ. ಗುಡ್ಡ ಕುಸಿತದ ಭಯದಿಂದ ರೈಲುಗಳ ವೇಗವನ್ನು ಮೊದಲೇ ತಗ್ಗಿಸಿ, ಆ ತಗ್ಗಿಸಿದ ವೇಗಕ್ಕೆ ತಕ್ಕಂತೆ ಸಮಯವನ್ನು ಹೊಂದಿಸುವುದು ಇದರ ಉದ್ದೇಶ. ಮುಂದಿನ ಹಳಿ ಕಾಣದಷ್ಟು ಮಳೆ ಸುರಿದರೆ ಗಂಟೆಗೆ 40 ಕಿಲೋಮೀಟರ್ ವೇಗವನ್ನು ಮೀರಬಾರದೆಂಬ ಆದೇಶವೂ ಚಾಲಕರಿಗಿರುತ್ತದೆ. ಹೊನ್ನಾವರಕ್ಕೂ ಮಂಕಿಗೂ ನಡುವಿನ ಶರಾವತಿ ಸೇತುವೆಯ ಮೇಲೆ ಗಾಳಿಯ ವೇಗವನ್ನು ಅಳೆಯುವ ಅನಿಮೋಮೀಟರ್ ಯಂತ್ರವನ್ನು ಅಳವಡಿಸಲಾಗಿದೆ. ಕಡಲಿನಿಂದ ಅಡ್ಡಲಾಗಿ ಬೀಸುವ ಗಾಳಿ ಮಿತಿಮೀರಿದರೆ ರೈಲುಗಳನ್ನು ತಡೆಯಲು ಅನುವಾಗುವಂತೆ ಇಂಥ ಯಂತ್ರವನ್ನು ಪಡೆದ ಸೇತುವೆಗಳು ಇಡೀ ಮಾರ್ಗದಲ್ಲಿ ನಾಲ್ಕು: ಪಾನವಲ್, ಮಾಂಡವಿ, ಜುವಾರಿ ಮತ್ತು ಶರಾವತಿ. 2024ರ ಜುಲೈಯಲ್ಲಿ ಗೋವಾದ ಪೆರ್ಣೆಂ ಸುರಂಗದೊಳಗೆ ನೀರು ಉಕ್ಕಿ ಸಂಚಾರ ನಿಂತಿತು. ವಾರ ಕಳೆಯುವ ಮೊದಲೇ ಮಹಾರಾಷ್ಟ್ರದ ಖೇಡ್ ಬಳಿ ಗುಡ್ಡ ಜಾರಿ ಹಳಿ ಮುಚ್ಚಿತು. ಅದರ ಬೆನ್ನಿಗೆ ಜುಲೈ 16ರಂದು ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಬಂದಾಯಿತು. ರೈಲು, ರಸ್ತೆ ಎರಡೂ ಹೀಗೆ ಕೈಕೊಡಬಲ್ಲ ಕರಾವಳಿಯಲ್ಲಿ ನಿರೀಕ್ಷಣಾ ಹಜಾರ ವರ್ಷದಲ್ಲಿ ಕೆಲವು ದಿನವಾದರೂ ಗಂಜಿಕೇಂದ್ರಕ್ಕೆ ಸಮೀಪದ ಪಾತ್ರವನ್ನು ವಹಿಸಬೇಕಾಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿರುವುದರಿಂದ ಬಂದರುಗಳಲ್ಲಿ ದುಡಿಯುವ ಹೊರರಾಜ್ಯದ ಕಾರ್ಮಿಕರು ಗಂಟುಮೂಟೆಯೊಂದಿಗೆ ಊರಿಗೆ ಹೊರಡುವುದೂ ಮಳೆ ಹಿಡಿಯುವ ಈ ದಿನಗಳಲ್ಲಿಯೇ ಎಂಬುದನ್ನೂ ಇದರೊಂದಿಗೆ ಸೇರಿಸಿಕೊಳ್ಳಬೇಕು.

ದಾರಿಹೋಕರಿಗೆ ಸೂರು ಮತ್ತು ನೀರು ಒದಗಿಸುವ ಏರ್ಪಾಡು ಈ ಕರಾವಳಿಗೆ ರೈಲಿನ ಜೊತೆ ಬಂದದ್ದಲ್ಲ. 14ನೇ ಶತಮಾನದಲ್ಲಿ ಇಲ್ಲಿ ಓಡಾಡಿದ ಮೊರಾಕ್ಕೊದ ಪ್ರವಾಸಿ ಇಬ್ನ್ ಬತೂತ, ಗೋವಾದಿಂದ ಕೊಲ್ಲಂವರೆಗಿನ ಕಡಲತೀರವನ್ನೆಲ್ಲ ಮಲಬಾರ್ ಎಂದು ಗುರುತಿಸಿ, ಅದರುದ್ದಕ್ಕೂ ಮರಗಳ ನೆರಳಿನಲ್ಲಿ ಸಾಗುವ ಹಾದಿಯನ್ನು ವರ್ಣಿಸಿದ್ದಾನೆ. ಪ್ರತಿ ಅರ್ಧ ಮೈಲಿಗೊಂದರಂತೆ ಮರದ ಮನೆ, ಅದರಲ್ಲಿ ಯಾವ ಮತದವರಾದರೂ ಕೂರಬಹುದಾದ ಜಗಲಿ, ಪಕ್ಕದಲ್ಲೊಂದು ಬಾವಿ, ಬಾವಿಗೊಬ್ಬ ಮೇಲ್ವಿಚಾರಕ ಇದ್ದನೆಂದು ಅವನ ಬರಹದಿಂದ ತಿಳಿಯುತ್ತದೆ. ಕೂರುವ ಜಗಲಿ ಎಲ್ಲರಿಗೂ ಒಂದೇ ಆಗಿದ್ದರೂ ನೀರು ಕೊಡುವ ರೀತಿ ಒಂದೇ ಆಗಿರಲಿಲ್ಲ. ಸ್ವಮತದವರಿಗೆ ಪಾತ್ರೆಯಲ್ಲಿ, ಮುಸ್ಲಿಮರಿಗೆ ಬೊಗಸೆಗೆ ನೀರು ಹೊಯ್ಯುತ್ತಿದ್ದರೆಂಬುದನ್ನೂ ಆತ ದಾಖಲಿಸಿದ್ದಾನೆ. ಅವನು ಹೊನ್ನಾವರವನ್ನೂ ಕಂಡವನು, ಅಲ್ಲಿ ಗಂಡುಮಕ್ಕಳಿಗೆ 23, ಹೆಣ್ಣುಮಕ್ಕಳಿಗೆ 13 ಶಾಲೆಗಳಿದ್ದುದನ್ನು ಎಣಿಸಿ ಬರೆದವನು. ಆಸನ, ನೀರು, ನೋಡಿಕೊಳ್ಳುವ ಒಬ್ಬ ಮನುಷ್ಯ ಎಂಬ ಮೂರು ಅಂಶಗಳು ಆಗಲೇ ಕೂಡಿಬಂದಿದ್ದವೆಂಬುದು ಗಮನಾರ್ಹ. ಇಂದಿನ ನಿಲ್ದಾಣಗಳಲ್ಲಿ ಮೊದಲೆರಡು ಸಿಕ್ಕರೂ ಮೂರನೆಯದು ಸಿಗುವುದು ಕಷ್ಟ, ಹಜಾರದ ಹೊಣೆ ಸ್ಟೇಷನ್ ಮಾಸ್ತರರ ನೂರೆಂಟು ಹೊಣೆಗಳಲ್ಲಿ ಕೊನೆಯದಾಗಿ ಸೇರಿಕೊಂಡಿರುತ್ತದೆ. ಆಮೇಲಿನ ಕಾಲದಲ್ಲಿಯೂ, ಸೇತುವೆಗಳಿಲ್ಲದ ದಿನಗಳಲ್ಲಿ, ಶರಾವತಿ ಅಘನಾಶಿನಿಗಳನ್ನು ದೋಣಿಯಲ್ಲಿ ದಾಟಿಸುವ ತಾರಿಗಳ ಬಳಿ ಜನ ಕಾಯುತ್ತಿದ್ದರು. ಈ ಭಾಗದಲ್ಲಿ ತಾರಿಬಾಗಿಲು ಎಂದರೆ ಹೊಳೆ ದಾಟುವ ಕಡವು. ಉಬ್ಬರ ಇಳಿತ ನೋಡಿಕೊಂಡು ಹೊರಡುವ ದೋಣಿಗೆ ಕಾಯ್ದ ಜನರ ಮೊಮ್ಮಕ್ಕಳು ಕ್ರಾಸಿಂಗ್ ಮುಗಿಸಿ ಬರುವ ರೈಲಿಗೆ ಕಾಯುತ್ತಿದ್ದಾರೆ.

ಘಟ್ಟದ ಮೇಲಿನ ಕರ್ನಾಟಕದಲ್ಲಿ ಈ ಹೊಣೆಯನ್ನು ಹೊತ್ತದ್ದು ಧರ್ಮಛತ್ರಗಳು. ಛತ್ರವೆಂದರೆ ಯಾತ್ರಿಕರಿಗೆ ಬಾಡಿಗೆಯಿಲ್ಲದೆ, ಅಥವಾ ಹೆಸರಿಗೊಂದಿಷ್ಟು ಪಡೆದು, ತಂಗಲು ಜಾಗ ಕೊಡುವ ದಾನದ ಕಟ್ಟಡ. ರೈಲು ನಿಲ್ದಾಣಕ್ಕೂ ಛತ್ರಕ್ಕೂ ಇರುವ ನಂಟಿನ ಪ್ರಸಿದ್ಧ ನಿದರ್ಶನ ಬೆಂಗಳೂರಿನ ಗುಬ್ಬಿ ತೋಟದಪ್ಪನವರ ಛತ್ರ. ವ್ಯಾಪಾರದಲ್ಲಿ ಗಳಿಸಿದ್ದನ್ನು ಧರ್ಮಕಾರ್ಯಕ್ಕೆ ಮೀಸಲಿಟ್ಟ ತೋಟದಪ್ಪನವರು 1897ರಲ್ಲಿ ನಗರದ ರೈಲು ನಿಲ್ದಾಣದ ಎದುರು ರೈಲ್ವೆಯಿಂದಲೇ ಜಾಗ ಕೊಂಡು, ಊರಿಗೆ ಬಂದಿಳಿಯುವ ಯಾತ್ರಿಕರಿಗಾಗಿ ಛತ್ರ ಕಟ್ಟಿಸಿದರು. 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದನ್ನು ಉದ್ಘಾಟಿಸಿದರು. ನಿಲ್ದಾಣದ ಎದುರಿಗೇ ಅದು ತಲೆಯೆತ್ತಿದ್ದು ಆಕಸ್ಮಿಕವಲ್ಲ. ರೈಲು ತಂದಿಳಿಸುವ ಜನರನ್ನು ರಾತ್ರಿ ಎಲ್ಲಿ ಮಲಗಿಸಬೇಕೆಂಬ ಪ್ರಶ್ನೆಗೆ ರೈಲ್ವೆ ಕಂಪನಿಗಳಲ್ಲಿ ಸಮರ್ಪಕವಾದ ಉತ್ತರವಿರಲಿಲ್ಲ, ಆ ಕೊರತೆಯನ್ನು ದಾನಿಯೊಬ್ಬರು ತುಂಬಿದರು. ಆದರೆ ದಾನಕ್ಕೂ ಬಾಧ್ಯತೆಗೂ ಅಂತರವಿದೆ. ಛತ್ರದ ಬಾಗಿಲಲ್ಲಿ ನಿಂತವರು ದಾನಿಯ ಔದಾರ್ಯಕ್ಕೆ ಋಣಿಗಳು. ನಿಲ್ದಾಣದ ಹಜಾರದಲ್ಲಿ ಕುಳಿತವರು ಟಿಕೆಟ್ಟಿನ ಹಣ ಮುಂಗಡವಾಗಿ ತೆತ್ತವರು, ಹೊತ್ತಿಗೆ ಸರಿಯಾಗಿ ಬರುತ್ತೇನೆಂಬ ಮಾತು ಕೊಟ್ಟ ಸಂಸ್ಥೆಯಿಂದ ಆ ಮಾತು ನಡೆಯುವವರೆಗೆ ಆಸರೆ ಪಡೆಯುವವರು. ಎರಡನ್ನೂ ಉಚಿತವೆಂಬ ಒಂದೇ ಮಾತಿನಲ್ಲಿ ಕಟ್ಟಿಹಾಕಿದ್ದರಿಂದ ಎರಡನೆಯದೂ ಕೃಪೆಯಂತೆ ಕಾಣತೊಡಗಿತು. ಬೆಂಚು ಮುರಿದರೆ, ನಲ್ಲಿ ಒಣಗಿದರೆ, ಕೇಳಲು ಜನ ಹಿಂಜರಿಯುವುದರ ಹಿಂದೆ ಈ ಗೊಂದಲದ ಪಾಲೂ ಇದೆ.

ಹಾಗೆಂದು ರೈಲ್ವೆಯ ಹಜಾರಗಳು ಎಲ್ಲರಿಗೂ ಸಮಾನವಾಗಿ ತೆರೆದಿದ್ದವೆಂದು ತಿಳಿಯುವುದು ತಪ್ಪಾಗುತ್ತದೆ. ಬ್ರಿಟಿಷರ ಕಾಲದ ನಿಲ್ದಾಣಗಳಲ್ಲಿ ಐರೋಪ್ಯರಿಗೆ, ಮೇಲ್ದರ್ಜೆಯವರಿಗೆ, ಹೆಂಗಸರಿಗೆ ಬೇರೆಬೇರೆ ಕೊಠಡಿಗಳಿದ್ದು, ಟಿಕೆಟ್ ಹಣದ ದೊಡ್ಡ ಪಾಲನ್ನು ತೆರುತ್ತಿದ್ದ ಮೂರನೇ ದರ್ಜೆಯವರಿಗೆ ಸಿಗುತ್ತಿದ್ದುದು ಬರಿಯ ಮಾಡಿನಡಿಯ ನೆಲ. ನೀರಿನವರೂ ಹಿಂದೂ ನೀರು, ಮುಸ್ಲಿಂ ನೀರು ಎಂದು ಕೂಗುತ್ತ ಬರುತ್ತಿದ್ದರು. ಇಬ್ನ್ ಬತೂತ ಕಂಡ ಬಾವಿಯ ಭೇದ ಆರು ಶತಮಾನ ಕಳೆದರೂ ಪ್ಲಾಟ್‌ಫಾರ್ಮಿನ ಮೇಲೆ ಉಳಿದುಕೊಂಡಿತ್ತು. ಬಿ.ಆರ್. ಅಂಬೇಡ್ಕರ್ ತಮ್ಮ ಆತ್ಮಕಥನಾತ್ಮಕ ಬರಹ ‘ವೇಟಿಂಗ್ ಫಾರ್ ಎ ವೀಸಾ’ದಲ್ಲಿ 1901ರ ಪ್ರಸಂಗವೊಂದನ್ನು ವಿವರಿಸಿದ್ದಾರೆ. ಬಾಲಕರಾಗಿದ್ದ ಅವರು ತಂದೆಯನ್ನು ಕಾಣಲು ಮನೆಯ ಇತರ ಮಕ್ಕಳೊಂದಿಗೆ ಸಾತಾರದಿಂದ ಹೊರಟು ಮಸೂರ್ ನಿಲ್ದಾಣದಲ್ಲಿ ಇಳಿದಾಗ ಕರೆದೊಯ್ಯಲು ಯಾರೂ ಬಂದಿರಲಿಲ್ಲ. ಒಳ್ಳೆಯ ಬಟ್ಟೆ ತೊಟ್ಟ ಮಕ್ಕಳನ್ನು ಕಂಡು ವಿಚಾರಿಸಲು ಬಂದ ಸ್ಟೇಷನ್ ಮಾಸ್ತರ, ಅವರು ಮಹಾರ್ ಜಾತಿಯವರೆಂದು ತಿಳಿಯುತ್ತಲೇ ಮುಖಭಾವ ಬದಲಿಸಿ ಹೊರಟುಹೋದ. ಟಿಕೆಟ್ ಕೊಂಡು ರೈಲು ಹತ್ತಲು ಅಡ್ಡಿಯಿಲ್ಲದ ಮಕ್ಕಳಿಗೆ, ಇಳಿದ ಮೇಲೆ ಕಾಯುವ ಹೊತ್ತಿನಲ್ಲಿ ಜಾತಿ ಎದುರಾಯಿತು. ಚಲಿಸುವ ಗಾಡಿಯೊಳಗೆ ಮರೆಯಾಗಬಹುದಾದ ಭೇದಗಳು ಕುಳಿತ ಜಾಗದಲ್ಲಿ ಪ್ರಕಟವಾಗುತ್ತವೆಂಬುದಕ್ಕೆ ಇದಕ್ಕಿಂತ ಖಚಿತವಾದ ದಾಖಲೆ ದೊರೆಯಲಾರದು. ಮೂರನೇ ದರ್ಜೆಯನ್ನು 1974ರಲ್ಲಿ ಕೈಬಿಡಲಾಯಿತಾದರೂ ನಿರೀಕ್ಷಣಾ ಕೊಠಡಿಗಳ ಬಾಗಿಲ ಮೇಲೆ ಮೇಲ್ದರ್ಜೆ, ಎರಡನೇ ದರ್ಜೆ ಎಂಬ ಫಲಕಗಳು ಇಂದಿಗೂ ಕಾಣಸಿಗುತ್ತವೆ.

ಸದ್ಯದ ನಿಯಮಗಳ ಪ್ರಕಾರ ಭಾರತೀಯ ರೈಲ್ವೆ ತನ್ನ ನಿಲ್ದಾಣಗಳನ್ನು ವರಮಾನ ಮತ್ತು ಪ್ರಯಾಣಿಕರ ಸಂಖ್ಯೆಗೆ ಅನುಗುಣವಾಗಿ ವಿಂಗಡಿಸುತ್ತದೆ. 2017ರಲ್ಲಿ ಜಾರಿಗೆ ಬಂದ ಈ ವಿಂಗಡಣೆಯಲ್ಲಿ ಉಪನಗರ ನಿಲ್ದಾಣಗಳು, ಉಪನಗರವಲ್ಲದ ನಿಲ್ದಾಣಗಳು ಮತ್ತು ಹಾಲ್ಟ್‌ಗಳು ಎಂಬ ಮೂರು ಗುಂಪುಗಳಿವೆ. ಸೌಲಭ್ಯಗಳನ್ನೂ ಕನಿಷ್ಠ ಅಗತ್ಯ, ಶಿಫಾರಸು ಮಾಡಿದವು, ಅಪೇಕ್ಷಣೀಯ ಎಂದು ಮೂರು ಮೆಟ್ಟಿಲಾಗಿ ವಿಭಜಿಸಲಾಗಿದ್ದು, ಕುಡಿಯುವ ನೀರು, ಕೂರುವ ವ್ಯವಸ್ಥೆ, ಶೌಚಾಲಯ, ದೀಪಗಳು ಮೊದಲ ಮೆಟ್ಟಿಲಿಗೆ ಸೇರುತ್ತವೆ. ನೆರಳು ಕೊಡುವ ಮರಗಳೂ ಆ ಪಟ್ಟಿಯಲ್ಲಿ ಸೇರಿರುವುದು ಸಂತೋಷದ ಸಂಗತಿ. ಎಷ್ಟು ಆಸನ, ಎಷ್ಟು ನಲ್ಲಿ ಎಂಬುದನ್ನು ದಟ್ಟಣೆಯ ಹೊತ್ತಿನಲ್ಲಿ ನಿಲ್ದಾಣ ನಿಭಾಯಿಸುವ ಪ್ರಯಾಣಿಕರ ಸಂಖ್ಯೆಯಿಂದ ಲೆಕ್ಕಹಾಕುತ್ತಾರೆ. ಈ ಲೆಕ್ಕದಲ್ಲಿ ಒಂದು ಬಗೆಯ ಕುರುಡುತನವಿದೆ. ರೈಲುಗಳು ಹೊತ್ತಿಗೆ ಸರಿಯಾಗಿ ಬಂದರೆ ಜನ ಬಂದು ಹತ್ತಿ ಹೋಗುತ್ತಾರೆ, ಬೆಂಚುಗಳು ಸಾಕಾಗುತ್ತವೆ. ಒಂದು ರೈಲು ಮೂರು ತಾಸು ತಡವಾದಾಗ ಅದರ ಜನ ಮತ್ತು ಮುಂದಿನ ರೈಲಿನ ಜನ ಒಂದೇ ಹಜಾರದಲ್ಲಿ ಸೇರುತ್ತಾರೆ. ಪ್ರಯಾಣಿಕರ ತಲೆಗಳನ್ನು ಎಣಿಸುವ ಸೂತ್ರ ಅವರು ಕಾಯುವ ತಾಸುಗಳನ್ನು ಎಣಿಸುವುದಿಲ್ಲ. ಒಂಟಿ ಹಳಿಯ, ಮಳೆಯ ಮಾರ್ಗಕ್ಕೆ ಬೇರೆಯೇ ಮಾನದಂಡ ಬೇಕೆಂಬ ವಾದವನ್ನು ಮಳೆಗಾಲದ ವೇಳಾಪಟ್ಟಿಯೇ ಸಮರ್ಥಿಸುತ್ತದೆ, ಸಮಯಕ್ಕೆ ಬೇರೆ ಪಟ್ಟಿ ಇರಬಹುದಾದರೆ ಆಸನಕ್ಕೆ ಏಕೆ ಇರಬಾರದು?

ಕಾನೂನಿನ ದೃಷ್ಟಿಯಲ್ಲಿ ನಿಲ್ದಾಣ ರಸ್ತೆಯಂತೆ ಸಾರ್ವಜನಿಕ ಜಾಗವಲ್ಲ. 1989ರ ರೈಲ್ವೆ ಅಧಿನಿಯಮದ 147ನೇ ಕಲಮಿನಂತೆ ಅಧಿಕಾರವಿಲ್ಲದೆ ರೈಲ್ವೆಯ ಆವರಣ ಪ್ರವೇಶಿಸುವುದು ಶಿಕ್ಷಾರ್ಹ. 144ನೇ ಕಲಂ ಪರವಾನಗಿಯಿಲ್ಲದ ಮಾರಾಟವನ್ನೂ ಭಿಕ್ಷಾಟನೆಯನ್ನೂ ನಿಷೇಧಿಸುತ್ತದೆ. ಪ್ರಯಾಣದ ಟಿಕೆಟ್ ಅಥವಾ ಎರಡು ತಾಸಿನ ಅವಧಿಯ ಪ್ಲಾಟ್‌ಫಾರ್ಮ್ ಟಿಕೆಟ್ ಇದ್ದವರಿಗಷ್ಟೇ ಒಳಗೆ ನಿಲ್ಲುವ ಹಕ್ಕು. ಹೀಗೆ ಉಚಿತ ಹಜಾರವೂ ಒಂದು ಗಡಿಯೊಳಗೇ ಉಚಿತ. ಮನೆಯಿಲ್ಲದವರು, ಮತಿಭ್ರಮಣೆಯಾಗಿ ಅಲೆಯುವವರು ಅದರ ಹೊರಗಿನವರು, ಒಳಗೆ ಕಂಡರೆ ಎಬ್ಬಿಸಲ್ಪಡುವವರು. ಚಿಕ್ಕ ಊರುಗಳ ನಿಲ್ದಾಣಗಳಲ್ಲಿ ಈ ನಿಯಮಗಳು ಸಡಿಲವಾಗಿಯೇ ನಡೆಯುತ್ತವೆ, ಮತ್ತು ಆ ಸಡಿಲಿಕೆಯಿಂದ ಯಾರಿಗೂ ನಷ್ಟವಾಗಿಲ್ಲವೆಂಬುದನ್ನು ಒಪ್ಪಬೇಕು. ಮೀನಿನ ಬುಟ್ಟಿಯ ವಿಷಯ ಮಾತ್ರ ಸ್ವಲ್ಪ ವಿಚಿತ್ರ. ಅಸಹ್ಯ ಹುಟ್ಟಿಸುವ ಸರಕನ್ನು ಪೂರ್ವಸೂಚನೆಯಿಲ್ಲದೆ ಒಯ್ಯಬಾರದೆಂದು ಅದೇ ಅಧಿನಿಯಮದ 67ನೇ ಕಲಂ ಹೇಳುತ್ತದೆ, ನೀರು ಸೋರುವ ಬುಟ್ಟಿಯೊಂದಿಗೆ ಬಂದ ಮೀನುಗಾರ ಹೆಂಗಸನ್ನು ಹಜಾರದಿಂದ ದೂರವಿಡಲು ಅದನ್ನು ಬಳಸಲೂಬಹುದು. ಆದರೆ ಅದೇ ಹಳಿಯ ಮೇಲೆ ಮಹಾಭಾರತದ ಬೆಸ್ತರ ಹುಡುಗಿಯ ಹೆಸರು ಹೊತ್ತ ರೈಲು ಕಾಲು ಶತಮಾನದಿಂದ ಓಡುತ್ತಿದೆ.

ಉಚಿತ ಹಜಾರದ ಪಕ್ಕದಲ್ಲಿ ಹಣ ಕೊಟ್ಟು ಕೂರುವ ಕೊಠಡಿಗಳು ತಲೆಯೆತ್ತುತ್ತಿರುವುದು ಈಚಿನ ಬೆಳವಣಿಗೆ. ರಾತ್ರಿ ತಂಗಲು ಬಾಡಿಗೆಗೆ ಕೊಡುವ ರಿಟೈರಿಂಗ್ ರೂಮುಗಳು ಹಳೆಯವು. ಅವುಗಳ ಜೊತೆಗೆ ಈಗ ದೊಡ್ಡ ನಿಲ್ದಾಣಗಳಲ್ಲಿ ತಾಸಿನ ಲೆಕ್ಕದಲ್ಲಿ ಶುಲ್ಕ ಪಡೆಯುವ ಹವಾನಿಯಂತ್ರಿತ ಲೌಂಜ್‌ಗಳು ಬಂದಿವೆ. 2024ರ ಜೂನ್‌ನಲ್ಲಿ ಜಿಎಸ್‌ಟಿ ಮಂಡಳಿ ಪ್ಲಾಟ್‌ಫಾರ್ಮ್ ಟಿಕೆಟ್ಟು, ರಿಟೈರಿಂಗ್ ರೂಮು, ನಿರೀಕ್ಷಣಾ ಕೊಠಡಿಗಳ ಸೇವೆಗೆ ತೆರಿಗೆ ವಿನಾಯಿತಿ ಶಿಫಾರಸು ಮಾಡಬೇಕಾಗಿ ಬಂದದ್ದೇ ಕಾಯುವುದಕ್ಕೂ ಬೆಲೆ ಕಟ್ಟಲಾಗಿತ್ತೆಂಬುದಕ್ಕೆ ಸಾಕ್ಷಿ. ಲೌಂಜ್ ಇರುವುದರಲ್ಲಿ ತಪ್ಪಿಲ್ಲ. ಅದಕ್ಕೆ ಗಿರಾಕಿ ಸಿಗಲೆಂದು ಹಜಾರವನ್ನು ಕಿರಿದುಗೊಳಿಸುವ ಪ್ರಲೋಭನೆ ಹುಟ್ಟುವುದರಲ್ಲಿ ಅಪಾಯವಿದೆ. ನ್ಯೂಯಾರ್ಕಿನಲ್ಲಿ 2021ರ ಆರಂಭದಲ್ಲಿ ತೆರೆದ ಮೊಯ್ನಿಹನ್ ರೈಲು ಹಜಾರ ಈ ದೃಷ್ಟಿಯಿಂದ ಪಾಠದಂತಿದೆ: ಭವ್ಯವಾದ ಗಾಜಿನ ಮಾಡಿನ ಆ ನಡುಹಜಾರದಲ್ಲಿ ಕೂರಲು ಬೆಂಚುಗಳಿಲ್ಲದೆ ಪ್ರಯಾಣಿಕರು ನೆಲದ ಮೇಲೆ ಕುಳಿತರು, ಆಸನಗಳಿದ್ದ ಭಾಗ ಟಿಕೆಟ್ ತೋರಿಸಿದವರಿಗೆ ಮಾತ್ರ ಮೀಸಲಾಯಿತು. ಮನೆಯಿಲ್ಲದವರು ಮಲಗಿಯಾರೆಂಬ ಹೆದರಿಕೆಯೇ ಇದರ ಹಿಂದಿನ ಕಾರಣವೆಂದು ಟೀಕಾಕಾರರು ದೂರಿದರು. ಭಾರತದಲ್ಲಿ ಬೆಂಚಿನ ನಡುನಡುವೆ ಉಕ್ಕಿನ ಕೈಪಟ್ಟಿ ಇಡುವುದೂ ಇದೇ ಯೋಚನೆಯ ಚಿಕ್ಕ ರೂಪ. ಯಾರೂ ಮಲಗದಂತೆ ಮಾಡಲು ಹೋಗಿ ಶಸ್ತ್ರಚಿಕಿತ್ಸೆ ಮುಗಿಸಿ ಬಂದವರನ್ನೂ ಮಲಗದಂತೆ ಮಾಡುವ ವಿನ್ಯಾಸವಿದು. ಜಪಾನ್ ಇದಕ್ಕೆ ವಿರುದ್ಧವಾದ ದಾರಿ ಹಿಡಿದು, 1993ರಿಂದ ಹೆದ್ದಾರಿಗಳ ಬದಿಯಲ್ಲಿ ‘ಮಿಚಿ ನೊ ಎಕಿ’, ಅಂದರೆ ದಾರಿಬದಿಯ ನಿಲ್ದಾಣಗಳನ್ನು ಕಟ್ಟುತ್ತ ಬಂದಿದೆ. ದಿನದ 24 ತಾಸು ತೆರೆದ ಉಚಿತ ಶೌಚಾಲಯ ಮತ್ತು ವಾಹನ ನಿಲುಗಡೆ ಅಲ್ಲಿನ ಕಡ್ಡಾಯ ಅಂಶಗಳಾಗಿದ್ದು, ಅದೇ ಆವರಣದಲ್ಲಿ ಸುತ್ತಲಿನ ಊರುಗಳ ತರಕಾರಿ, ಮೀನುಗಳು ಮಾರಾಟವಾಗುತ್ತವೆ. ಉಚಿತ ವಿಶ್ರಾಂತಿಯಿಂದ ಊರಿನ ವ್ಯಾಪಾರ ಬೆಳೆಯಬಹುದೆಂಬ ಆ ಲೆಕ್ಕಾಚಾರ, 2022ರಲ್ಲಿ ಭಾರತೀಯ ರೈಲ್ವೆ ಆರಂಭಿಸಿದ ‘ಒಂದು ನಿಲ್ದಾಣ, ಒಂದು ಉತ್ಪನ್ನ’ ಯೋಜನೆಗೆ ಒದಗಬಲ್ಲದು. ಮಲ್ಲಿಗೆ ಬೆಳೆಯುವ ಭಟ್ಕಳಕ್ಕೂ ಮೀನು ಒಣಗಿಸುವ ಅದರ ಕಡಲಂಚಿಗೂ ಮಾರಲು ಸರಕಿನ ಕೊರತೆಯಿಲ್ಲ, ಕೊಳ್ಳುವವರು ಕೂತು ಕಾಯುವ ಜಾಗವೊಂದು ಚೆನ್ನಾಗಿದ್ದರೆ ಸಾಕು.

ಹಣದ ಪ್ರಶ್ನೆ ಇಲ್ಲಿಗೆ ಬಂದೇ ಬರುತ್ತದೆ. ಭಾರತೀಯ ರೈಲ್ವೆಯ ಅಮೃತ್ ಭಾರತ್ ಯೋಜನೆಯಡಿ 2023ರ ಆಗಸ್ಟಿನಲ್ಲಿ ಒಂದೇ ದಿನ 508 ನಿಲ್ದಾಣಗಳ ಪುನರಭಿವೃದ್ಧಿಗೆ ಶಂಕುಸ್ಥಾಪನೆಯಾಯಿತು. ಕೊಂಕಣ ರೈಲ್ವೆ ಪ್ರತ್ಯೇಕ ನಿಗಮವಾಗಿರುವುದರಿಂದ ಕೇಂದ್ರ ಬಜೆಟ್ಟಿನ ಇಂಥ ನೆರವು ತನ್ನ ನಿಲ್ದಾಣಗಳಿಗೆ ನೇರವಾಗಿ ಹರಿಯುವುದಿಲ್ಲವೆಂಬುದು ನಿಗಮವನ್ನು ಭಾರತೀಯ ರೈಲ್ವೆಯೊಂದಿಗೆ ವಿಲೀನಗೊಳಿಸಬೇಕೆನ್ನುವವರ ಮುಖ್ಯ ವಾದಗಳಲ್ಲೊಂದು. ಜೋಡಿ ಹಳಿಗೆ ಬೇಕಾದ ದೊಡ್ಡ ಮೊತ್ತವೂ ಕೇಂದ್ರ ಬಜೆಟ್ಟಿನಿಂದಲೇ ಬರಬೇಕೆಂದು ಅವರು ಹೇಳುತ್ತಾರೆ. ಜೋಡಿ ಹಳಿ ಬಂದರೆ ಕಾಯುವ ತಾಸುಗಳು ತಗ್ಗುವುದು ನಿಜ, ಆದರೆ ಶರಾವತಿಯ ಮೇಲೆ ಇನ್ನೊಂದು ಸೇತುವೆ ಏಳುವವರೆಗೆ ಹಜಾರದ ಶೌಚಾಲಯಕ್ಕೆ ಬೀಗ ಹಾಕಿಡಬೇಕಾದ ಕಾರಣವೇನೂ ಇಲ್ಲ. ರಾತ್ರಿಯ ರೈಲುಗಳ ಹೊತ್ತಿನಲ್ಲಿ ಹೆಂಗಸರ ಶೌಚಾಲಯ ತೆರೆದಿರುವುದು, ನಲ್ಲಿಯಲ್ಲಿ ಕುಡಿಯಲು ಯೋಗ್ಯವಾದ ನೀರಿರುವುದು, ರೈಲು ಎಷ್ಟು ತಡವೆಂಬುದನ್ನು ಕನ್ನಡದಲ್ಲಿ ಕಾಲಕಾಲಕ್ಕೆ ಸಾರುವುದು, ಇವು ಪುನರಭಿವೃದ್ಧಿಗೆ ಕಾಯಬೇಕಾದ ಕೆಲಸಗಳಲ್ಲ.

ಹಾಲ್ಟ್‌ಗಳ ಸ್ಥಿತಿ ಇನ್ನೂ ಬೇರೆ. ಹಾಲ್ಟ್ ಎಂದರೆ ರೈಲುಗಳನ್ನು ದಾಟಿಸುವ ಹೆಚ್ಚುವರಿ ಹಳಿಯಿಲ್ಲದ, ಪ್ಯಾಸೆಂಜರ್ ರೈಲುಗಳಷ್ಟೇ ನಿಲ್ಲುವ ಚಿಕ್ಕ ತಾಣ. ಶಿರಾಲಿಯ ಬಳಿಯ ಚಿತ್ರಾಪುರ ಇಂಥದು. ಅಳ್ವೆಕೋಡಿಯ ಕಡೆಯವರಿಗೆ ಭಟ್ಕಳಕ್ಕಿಂತ ಚಿತ್ರಾಪುರವೇ ಸಮೀಪ. ಹಾಲ್ಟ್‌ಗಳಿಗೆ ನಿಯಮಗಳು ವಿಧಿಸುವ ಕನಿಷ್ಠ ಸೌಲಭ್ಯಗಳ ಪಟ್ಟಿ ಬಹಳ ಚಿಕ್ಕದು, ಗೋಡೆಗಳಿಲ್ಲದ ಒಂದು ಮಾಡು ಇದ್ದರೂ ಕಾಗದದ ಮೇಲೆ ಸೂರು ಇದ್ದಂತೆಯೇ. ಬಯಲುಸೀಮೆಯ ಬಿಸಿಲಿಗೆ ಅಂಥ ಮಾಡು ಸಾಕಾಗಬಹುದು. ಜೂನ್ ಜುಲೈಯಲ್ಲಿ ಕಡಲ ಕಡೆಯಿಂದ ಓರೆಯಾಗಿ ನುಗ್ಗುವ ಮಳೆಗೆ ತಲೆಯ ಮೇಲಿನ ತಗಡು ಏನನ್ನೂ ತಡೆಯಲಾರದಾದ್ದರಿಂದ, ಈ ಕರಾವಳಿಯ ಹಾಲ್ಟ್‌ಗಳ ಮಾಡಿಗೆ ಮೊದಲು ಬೇಕಾದದ್ದು ಪಶ್ಚಿಮ ದಿಕ್ಕಿಗೊಂದು ಗೋಡೆ. ಅದರ ಒಳಮೈಗೆ ಒಂದು ಉದ್ದನೆಯ, ಕೈಪಟ್ಟಿಗಳಿಲ್ಲದ ಕಲ್ಲಿನ ಜಗಲಿ ಕಟ್ಟಲು ಹೆಚ್ಚಿನ ಖರ್ಚೂ ಇಲ್ಲ, ಕಟ್ಟಲು ಬೇಕಾದ ಕೆಂಪು ಚಿರೆಕಲ್ಲು ಕರಾವಳಿಯಲ್ಲಿಯೇ ಸಿಗುತ್ತದೆ.